ಅಕ್ಕನ ಚಪ್ಪಲಿಯ ಜೊತೆ ಮಾತುಕತೆ

ಮಹಡಿ ಮೆಟ್ಟಿಲ ಕೆಳಗೆ ಚಪ್ಪಲಿ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಮಾಜಿಯಣ್ಣ. ಮಂತ್ರಿಯಾಗಿದ್ದು ಕುರ್ಚಿ ಕಳೆದುಕೊಂಡವರನ್ನು ಮಾಜಿ ಅನ್ನುವುದುಂಟು. ಇವನು ಕುರ್ಚಿಯ ಮೇಲೆ ಕೂತವನೇ ಅಲ್ಲ. ಇಪ್ಪತ್ತೆರಡು ವರ್ಷ ಒಂದು ಪ್ರಾರ್ಥನಾ ಮಂಡಳಿಯಲ್ಲಿ ನೆಲದ ಮೇಲೆ ಕೂತಿದ್ದು, ಏಳು ವರ್ಷದ ಹಿಂದೆ ಎದ್ದು ಬಂದವನು. ಎದ್ದು ಬಂದದ್ದೇ ಅವನ ಪದವಿ.

ಮಂಡಳಿಯಲ್ಲಿ ಅವನಿಗಿದ್ದ ಸೇವೆ ಚಪ್ಪಲಿ ಜೋಡಿಸುವುದು. ಪ್ರಾರ್ಥನೆಗೆ ಬಂದವರು ಪಡಸಾಲೆಯಲ್ಲಿ ಬಿಟ್ಟ ಚಪ್ಪಲಿ, ಬೂಟುಗಳನ್ನೆಲ್ಲ ಸಾಲಾಗಿಟ್ಟು, ಒಂದೊಂದರ ಮೂತಿಯನ್ನೂ ಗೋಡೆಯ ಕಡೆ ತಿರುಗಿಸಬೇಕು. ಬಾಗಿಲ ಕಡೆ ಮುಖ ಮಾಡಿದ ಚಪ್ಪಲಿ ಮನಸ್ಸನ್ನು ಹೊರಗೆಳೆಯುತ್ತದೆ ಎಂದು ಅಲ್ಲಿನ ನಿಯಮ. ದಿನಕ್ಕೆರಡು ಹೊತ್ತು, ಹೊತ್ತಿಗೆ ನೂರಾ ನಲವತ್ತು ಜೊತೆ. ದೇವರ ಮುಖ ಕಾಣದಿದ್ದರೂ ಊರಿನವರ ಹಿಮ್ಮಡಿಯ ಗುರುತು ಅವನಿಗೆ ಬಾಯಿಪಾಠವಾಗಿತ್ತು.

ಅವನು ಮಂಡಳಿ ಬಿಟ್ಟದ್ದಕ್ಕೆ ಬೀದಿಯವರು ಒಂದು ಒಳ್ಳೆಯ ಹಗರಣವನ್ನು ನಿರೀಕ್ಷಿಸಿದ್ದರು. ಅವನು ಹೇಳಿದ ಕಾರಣ ಕೇಳಿ ಎಲ್ಲರಿಗೂ ನಿರಾಸೆಯಾಯಿತು. ಮಂಡಳಿ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಅಡುಗೆಯಜ್ಜನನ್ನು ಅವನೊಮ್ಮೆ ಸುಮ್ಮನೆ ಕೇಳಿದ್ದ, ಈ ಗೋಡೆ ಕಡೆ ತಿರುಗಿಸುವ ನಿಯಮ ಯಾವಾಗಿನಿಂದ ಬಂತು ಅಂತ. ಅಜ್ಜ ತರಕಾರಿ ಹೆಚ್ಚುತ್ತಲೇ ಹೇಳಿದ, “ಹಳೇ ಕಟ್ಟಡದಲ್ಲಿ ಗೋಡೆ ಪಕ್ಕ ನೀರಿನ ಕೊಳವೆ ಸೋರ್ತಿತ್ತಪ್ಪ. ಹಿಮ್ಮಡಿ ಆ ಕಡೆ ಇದ್ರೆ ಬೂಟೊಳಗೆಲ್ಲ ನೀರು. ಅದಕ್ಕೆ ಮೂತಿ ತಿರುಗಿಸಿದ್ವಿ. ಆಮೇಲೆ ಯಾರೋ ಅದಕ್ಕೊಂದು ಅರ್ಥ ಕೊಟ್ರು.”

ಅವತ್ತು ಸಂಜೆ ಮೌನದ ಹೊತ್ತಿನಲ್ಲಿ ನೂರಾ ನಲವತ್ತು ಜನರ ನಡುವೆ ಅವನಿಗೆ ನಗು ಬಂತು. ತಡೆದ; ಮೂಗಿನಿಂದ ಬಂತು. ಮೂಗು ಹಿಡಿದ, ಭುಜದಿಂದ ಬಂತು. ಮಂಡಳಿಯ ಮುಖ್ಯಸ್ಥರು, ಎಲ್ಲರೂ ಹಿರಿಯಣ್ಣ ಅಂತ ಕರೆಯುತ್ತಿದ್ದವರು, ಕ್ಷಮೆ ಕೇಳು ಅಂದರು. ಕ್ಷಮೆ ಕೇಳಲು ಬಾಯಿ ತೆರೆದರೆ ಮತ್ತೆ ನಗುವೇ. ಅಲ್ಲಿಂದೆದ್ದು ಪಡಸಾಲೆಗೆ ಬಂದು, ತನ್ನ ಚಪ್ಪಲಿಯನ್ನು ತಾನೇ ಹುಡುಕಿ, ತಿರುಗಿಸಿ, ಹಾಕಿಕೊಂಡು ಹೊರಟ.

ಹೊರಗೆ ಬಂದ ಮೇಲೇ ಕಷ್ಟ ಶುರುವಾದದ್ದು. ಅಲ್ಲಿ ಏಳುವುದು, ಉಣ್ಣುವುದು, ಉಗುರು ಕತ್ತರಿಸುವುದು ಎಲ್ಲಕ್ಕೂ ಗಂಟೆ ಇತ್ತು. ಇಲ್ಲಿ ಕಿರಾಣಿ ಅಂಗಡಿಯವನು “ಯಾವ ಸೋಪು ಕೊಡ್ಲಿ?” ಅಂದಾಗ ಮಾಜಿಯಣ್ಣ ಹದಿನಾಲ್ಕು ಥರದ ಸೋಪುಗಳ ಮುಂದೆ ಪರೀಕ್ಷೆಗೆ ಓದದೆ ಬಂದವನ ಹಾಗೆ ಬೆವರಿ, ಬರಿಗೈಯಲ್ಲಿ ವಾಪಸಾದ. ಕೊನೆಗೆ ಪಕ್ಕದ ಅಂಗಡಿಯ ಟೈಲರಮ್ಮ ಒಂದು ಹಳದಿ ಸೋಪು ತಂದು ಅವನ ಕೈಗಿಟ್ಟಳು. ಇವತ್ತಿಗೂ ಅದೇ ಹಳದಿ ಸೋಪು.

“ಏಳು ವರ್ಷ ಆಯ್ತಲ್ಲ ಮಾಜಿಯಣ್ಣ, ಒಂದ್ಸಲ ಗುಲಾಬಿ ಸೋಪು ಹಚ್ಚಿ ನೋಡಿ. ನಾನೇನು ಬಯ್ಯಲ್ಲ,” ಅನ್ನುವಳು ಟೈಲರಮ್ಮ.

“ಇದಕ್ಕೇನಾಗಿದೆ?”

“ಅದಕ್ಕೇನೂ ಆಗಿಲ್ಲ. ನಿಮಗೇನಾದ್ರೂ ಆಗ್ಲಿ ಅಂತ.”

ಇಂಥ ಮನುಷ್ಯನ ಹತ್ತಿರ ಬೀದಿಯವರು ಸಲಹೆ ಕೇಳಲು ಬರುತ್ತಿದ್ದರು. ಒಳಗಿದ್ದೂ ಬಂದವನು, ಹೊರಗೂ ಇರುವವನು, ಇವನಿಗೆ ಎರಡೂ ಕಡೆಯ ಗುಟ್ಟು ಗೊತ್ತಿರಬೇಕು ಅಂತ ಅವರ ಲೆಕ್ಕಾಚಾರ. ಕಾಟ ತಡೆಯಲಾರದೆ ಅವನೊಂದು ಹಲಗೆ ಬರೆಸಿ ನೇತುಹಾಕಿದ್ದ: ‘ಇಲ್ಲಿ ಚಪ್ಪಲಿ ರಿಪೇರಿ ಮಾತ್ರ.’ ಮಾತ್ರ ಅನ್ನುವುದರ ಕೆಳಗೆ ಎರಡು ಗೆರೆ. ಆದರೂ ಯಾರಾದರೂ ಮಗಳು ಧ್ಯಾನದ ತರಗತಿಗೆ ಸೇರುತ್ತಾಳಂತೆ ಅಂತಲೋ, ಭಾವ ಯಾವುದೋ ಸತ್ಸಂಗದವರ ಸಹವಾಸಕ್ಕೆ ಬಿದ್ದಿದ್ದಾನೆ ಅಂತಲೋ ಪಿಸುಗುಟ್ಟಿದರೆ, ಮೊದಲು ಆ ಹಲಗೆ ತೋರಿಸುವನು. ಆಮೇಲೆ “ನಾನು ಸಲಹೆ ಗಿಲಹೆ ಕೊಡೋನಲ್ಲ. ಆದರೂ ಒಂದು ಮಾತು” ಅನ್ನುವನು. ಆ ಒಂದು ಮಾತು ಮುಕ್ಕಾಲು ಗಂಟೆ ನಡೆಯುತ್ತಿತ್ತು.

“ಸೇರೋಕೆ ಮುಂಚೆ ಅಲ್ಲಿ ಒಂದು ತಮಾಷೆ ಮಾತು ಹೇಳಿ ನೋಡಿ. ನಗೋಕೆ ಮುಂಚೆ ಪಕ್ಕದವರ ಮುಖ ನೋಡ್ತಾರಾ, ಚಪ್ಪಲಿ ಹಾಕ್ಕೊಂಡು ಬಂದ್ಬಿಡಿ. ಎಲ್ಲ ಅನುಮಾನಕ್ಕೂ ನಮ್ಮಲ್ಲಿ ಉತ್ತರ ಇದೆ ಅಂತಾರಾ, ಬಚ್ಚಲ ನಲ್ಲಿ ಆರು ತಿಂಗಳಿಂದ ಯಾಕೆ ಸೋರ್ತಿದೆ ಅಂತ ಕೇಳಿ. ಹಾಗಂತ ಅಲ್ಲಿರೋರೆಲ್ಲ ಪೆದ್ದರು ಅಂದ್ಕೋಬೇಡಿ. ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಒದ್ದೆ ಬಟ್ಟೆ ಹಾಕಿದೋರು ಅವರೇ.”

ಗೋಡೆಯಾಚೆಯಿಂದ ಹೊಲಿಗೆ ಯಂತ್ರ ನಿಲ್ಲಿಸಿ ಟೈಲರಮ್ಮ ಕೂಗುವಳು, “ಮುಗೀತಾ ಪ್ರವಚನ? ಆ ಹೆಂಗಸಿನ ಚಪ್ಪಲಿ ಹೊಲೀರಿ, ಪಾಪ, ಒಂಟಿ ಕಾಲಲ್ಲಿ ನಿಂತಿದ್ದಾರೆ.”

ಅಂಗಡಿಯಲ್ಲಿ ಅವನದೇ ಒಂದು ಪದ್ಧತಿಯಿತ್ತು. ರಿಪೇರಿ ಆದ ಚಪ್ಪಲಿಯನ್ನೆಲ್ಲ ಬೀದಿಯ ಕಡೆ ಮೂತಿ ಮಾಡಿ ಇಡುತ್ತಿದ್ದ. ಬಂದವರು ಕಾಲು ತೂರಿಸಿ ಹಾಗೇ ನಡೆದುಬಿಡಬೇಕು. ಯಾರಾದರೂ ಮುಟ್ಟಿ ತಿರುಗಿಸಿದರೆ ದಬ್ಬಳ ಕೆಳಗಿಟ್ಟು ಬಂದು ಮತ್ತೆ ಬೀದಿಯ ಕಡೆಗೇ ಮಾಡುತ್ತಿದ್ದ. ಒಂದು ದಿನ ಟೈಲರಮ್ಮ ಚಹಾದ ಲೋಟ ಹಿಡಿದು ನಿಂತು ನೋಡಿ ಹೇಳಿದಳು, “ಅಲ್ಲಿ ಗೋಡೆ ಕಡೆ, ಇಲ್ಲಿ ಬೀದಿ ಕಡೆ. ಮಂಡಳಿ ಬಿಟ್ಟು ಬಂದ್ರಾ, ಮಂಡಳಿನೇ ಕಟ್ಕೊಂಡು ಬಂದ್ರಾ?”

ಮಾಜಿಯಣ್ಣ ಅವತ್ತು ಸಂಜೆಯವರೆಗೂ ಅವಳ ಜೊತೆ ಮಾತು ಬಿಟ್ಟ. ನಿಜ ಹೇಳಿದವರ ಮೇಲೆ ಮುನಿಸಿಕೊಳ್ಳುವುದರಲ್ಲಿ ನಮಗೆಲ್ಲ ಇರುವಷ್ಟು ಅಭ್ಯಾಸ ಅವನಿಗೂ ಇತ್ತು.

ಅವನ ಎದೆಯಲ್ಲಿ ಚುಚ್ಚುತ್ತಿದ್ದ ಮುಳ್ಳು ಮಾತ್ರ ಬೇರೆ. ಅವನಿಗೆ ನಾಲ್ಕು ವರ್ಷಕ್ಕೆ ಹಿರಿಯಳಾದ ಅಕ್ಕ ಇನ್ನೂ ಮಂಡಳಿಯಲ್ಲೇ ಇದ್ದಳು. ಅಮ್ಮ ತೀರಿಕೊಂಡ ವರ್ಷ, ಇಪ್ಪತ್ತಮೂರರ ತಮ್ಮನ ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋದವಳೇ ಅವಳು. ಬಿಟ್ಟುಹೋದವರ ಜೊತೆ ಮಾತಾಡಬಾರದೆಂದು ಮಂಡಳಿಯ ನಿಯಮ. ಏಳು ವರ್ಷದಲ್ಲಿ ಎಷ್ಟೋ ಸಲ ಅವಳು ಇದೇ ಬೀದಿಯಲ್ಲಿ ಹೋಗಿದ್ದಳು. ಅವನು “ಅಕ್ಕಾ” ಅಂದಾಗಲೆಲ್ಲ ನಡಿಗೆ ಒಂಚೂರು ನಿಧಾನವಾಗುತ್ತಿತ್ತು, ಮುಖ ತಿರುಗುತ್ತಿರಲಿಲ್ಲ. ಈಗ ಮಂಡಳಿ ದೂರದ ಊರಿಗೆ ಸ್ಥಳಾಂತರವಾಗುತ್ತಿದೆ, ಭಾನುವಾರ ಹತ್ತು ಗಂಟೆಗೆ ಬಸ್ಸು ಹೊರಡುತ್ತದೆ, ಹೋದವರು ತಿರುಗಿ ಬರುವುದಿಲ್ಲವಂತೆ ಅಂತ ಸುದ್ದಿ ಬಂದಿತ್ತು. ಅಕ್ಕನ ಬಾಯಿಂದ ಒಂದು ಮಾತು ಕೇಳದೆ ಅವಳನ್ನು ಕಳಿಸಿಬಿಡಬೇಕೇನೋ ಅನ್ನುವ ಚಿಂತೆಯಲ್ಲಿ ಅವನು ಎರಡು ದಿನದಿಂದ ಎಡಗಾಲಿನ ಬೂಟಿಗೆ ಬಲಗಾಲಿನ ಅಟ್ಟೆ ಅಂಟಿಸುತ್ತಿದ್ದ.

ಗುರುವಾರ ಮಧ್ಯಾಹ್ನ ಅಕ್ಕ ಬಂದಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ. ಅದನ್ನು ತಮ್ಮನ ಮುಂದಿನ ಮಣೆಯ ಮೇಲಿಟ್ಟು, ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಚಪ್ಪಲಿಯನ್ನೇ ದಿಟ್ಟಿಸುತ್ತ ಮಾತು ಶುರುಮಾಡಿದಳು.

“ನೋಡು ಚಪ್ಪಲಿ, ನಿನ್ನ ಪಟ್ಟಿ ಕಿತ್ತುಹೋಗಿದೆ. ಹೊಲಿಸ್ಕೊ.”

ಮಾಜಿಯಣ್ಣನಿಗೆ ಒಂದು ಕ್ಷಣ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಬಿಟ್ಟುಹೋದವರ ಜೊತೆ ಮಾತಾಡಬಾರದು ಅಂತ ನಿಯಮ. ಚಪ್ಪಲಿ ಮಂಡಳಿಯನ್ನು ಬಿಟ್ಟುಹೋಗಿರಲಿಲ್ಲ. ಅವನು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಸವೆದು ಕಿತ್ತ ಪಟ್ಟಿಯ ತುದಿ ನಾರುನಾರಾಗಿರುತ್ತದೆ. ಇದು ಗೆರೆ ಎಳೆದಷ್ಟು ನೇರವಾಗಿತ್ತು. ಕತ್ತರಿಯ ಕೆಲಸ. ಚಪ್ಪಲಿ ಇನ್ನೂ ಎರಡು ವರ್ಷ ಬಾಳುವಷ್ಟು ಗಟ್ಟಿ.

ದಾರಕ್ಕೆ ಮೇಣ ಹಚ್ಚುತ್ತ, ಅವನೂ ಚಪ್ಪಲಿಗೇ ಹೇಳಿದ, “ನಿನ್ನ ಯಜಮಾನಿಗೆ ಮಂಡಿನೋವು ಹೇಗಿದೆ ಕೇಳು.”

“ಮೆಟ್ಟಿಲು ಹತ್ತುವಾಗ ಇದೆ ಅಂತ ಹೇಳು,” ಅಂದಳು ಅಕ್ಕ ಚಪ್ಪಲಿಗೆ. “ತಮ್ಮ ಅನ್ನಿಸ್ಕೊಂಡೋನು ಸೊರಗಿದ್ದಾನೆ ಅಂತಾನೂ ಹೇಳು. ಅಡುಗೆ ಮಾಡ್ಕೊಳ್ತಾನಾ, ಗಾಳಿ ಕುಡೀತಾನಾ?”

“ಮಾಡ್ಕೊಳ್ತಾನೆ. ಉಪ್ಪು ಮಾತ್ರ ಒಂದಿನ ಇರುತ್ತೆ, ಒಂದಿನ ಇರಲ್ಲ.”

“ಅದು ಮೊದಲಿಂದಲೂ ಹಾಗೇ. ಕೈಯಲ್ಲಿ ಕೆಲಸ, ತಲೆ ಎಲ್ಲೋ.”

ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಟೈಲರಮ್ಮನಿಗೆ ಕಿವಿ ಚುರುಕು.

ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತಿದಳು. “ಚಪ್ಪಲಿ, ನಿನ್ನನ್ನ ಒಂದು ಮಾತು ಕೇಳ್ತೀನಿ. ಭಾನುವಾರ ಬಸ್ಸು. ನಾನು ಹೋಗಲಾ, ಬೇಡವಾ? ಹಿರಿಯಣ್ಣ ಹೋಗು ಅಂತಾರೆ. ನೀನು ಏನು ಹೇಳ್ತೀಯೋ ಹಾಗೆ.”

ಬೀದಿಗೆಲ್ಲ ಸಲಹೆ ಹಂಚಿದ ನಾಲಿಗೆಯ ತುದಿಗೆ ಉತ್ತರ ಬಂದು ನಿಂತಿತು. ಬೇಡ ಅಂದರೆ ಸಾಕು, ಅವಳು ಹೋಗುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಅವರಿವರು ಹೇಳಿದಂತೆ ಕೇಳಿದವಳು, ಇವತ್ತು ತಮ್ಮ ಹೇಳಿದಂತೆ ಕೇಳುತ್ತಾಳೆ. ಅಂಗಡಿ ಬಾಗಿಲಲ್ಲಿ ಬೀದಿಗೆ ಮೂತಿ ಮಾಡಿ ಕೂತ ಚಪ್ಪಲಿಗಳ ಸಾಲು ಕಂಡಿತು. ಟೈಲರಮ್ಮನ ಮಾತು ನೆನಪಾಯಿತು. ಅಲ್ಲೊಬ್ಬ ಹಿರಿಯಣ್ಣ, ಇಲ್ಲಿ ತಾನೊಬ್ಬ ಕಿರಿಯಣ್ಣನಾಗಿ ಕೂತದ್ದು ಸಾಕು ಅನ್ನಿಸಿತು. ಆದರೂ ಬೇಡ ಅನ್ನುವ ಆಸೆ ಕತ್ತಿನವರೆಗೂ ತುಂಬಿತ್ತು.

ಕೊನೆಯ ಹೊಲಿಗೆ ಹಾಕಿ, ದಾರ ಕಚ್ಚಿ ತುಂಡರಿಸಿದ. ಚಪ್ಪಲಿ ಕೈಯಲ್ಲಿ ಹಿಡಿದು ನೆಲಕ್ಕೆ ಬಗ್ಗಿದವನು ಅಲ್ಲೇ ನಿಂತ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಚಪ್ಪಲಿಯ ಒಡತಿಯನ್ನು ಕೇಳಿದ.

“ಅಕ್ಕ, ಯಾವ ಕಡೆ ತಿರುಗಿಸಿ ಇಡಲಿ?”

ಅಕ್ಕ ತಬ್ಬಿಬ್ಬಾದಳು. ಚಪ್ಪಲಿಯನ್ನು ನೋಡಿದಳು. ಗೋಡೆ ನೋಡಿದಳು. ಬೀದಿ ನೋಡಿದಳು. ಹದಿನಾಲ್ಕು ಸೋಪುಗಳ ಮುಂದೆ ನಿಂತ ತನ್ನ ಮುಖ ಹೇಗಿದ್ದಿರಬಹುದು ಅನ್ನುವುದು ಮಾಜಿಯಣ್ಣನಿಗೆ ಆಗ ಮೊದಲ ಬಾರಿಗೆ ಕಂಡಿತು. ಅವನು ಬಾಯಿ ಬಿಗಿಹಿಡಿದು ಬಗ್ಗಿಕೊಂಡೇ ಇದ್ದ. ಸೊಂಟ ಹಿಡಿದುಕೊಂಡಿತು, ಆದರೂ ಅಲುಗಲಿಲ್ಲ.

“ಕೊಡು ಇಲ್ಲಿ,” ಅಂದಳು ಅಕ್ಕ. ಚಪ್ಪಲಿಗಲ್ಲ, ಅವನ ಮುಖ ನೋಡಿ. “ಹೇಗಾದ್ರೂ ಇಡೋ ಮಾರಾಯ. ಹಾಕ್ಕೊಂಡು ಹೋಗೋಳು ನಾನು ತಾನೆ.”

ಕಿತ್ತುಕೊಂಡು, ಕೂತಲ್ಲೇ ಕಾಲಿಗೆ ಹಾಕಿಕೊಂಡಳು. ತಾನು ಏನು ಮಾಡಿಬಿಟ್ಟೆ ಅನ್ನುವುದು ಗೊತ್ತಾಗಲು ಅವಳಿಗೆ ಒಂದು ನಿಮಿಷ ಬೇಕಾಯಿತು. ಗೊತ್ತಾದ ಮೇಲೂ ಮುಖ ತಿರುಗಿಸಲಿಲ್ಲ. “ಏನು ಹಾಗೆ ನೋಡ್ತೀಯ, ಸೊಂಟ ನೆಟ್ಟಗೆ ಮಾಡು,” ಅಂದಳು.

“ಹಿಡ್ಕೊಂಡಿದೆ ಅಕ್ಕ.”

ಅವಳೇ ಎಬ್ಬಿಸಿ ನಿಲ್ಲಿಸಿದಳು. ಬೀದಿಗಿಳಿದು ನಾಲ್ಕು ಹೆಜ್ಜೆ ಹೋದವಳು ಮತ್ತೆ ತಿರುಗಿದಳು.

“ಇನ್ನೊಂದು ಚಪ್ಪಲಿ ಪಟ್ಟಿನೂ ಕಿತ್ತುಹೋಗೋ ಹಾಗಿದೆ. ಭಾನುವಾರ ಹತ್ತು ಗಂಟೆಗೆ ಅಂಗಡಿ ತೆಗೆದಿರ್ತೀಯಾ?”

“ಭಾನುವಾರ ರಜ ಅಕ್ಕ,” ಅಂದುಬಿಟ್ಟ ಮಾಜಿಯಣ್ಣ, ಏಳು ವರ್ಷದ ಅಭ್ಯಾಸದಲ್ಲಿ. ಆಮೇಲೆ ಆ ಹತ್ತು ಗಂಟೆ ಯಾವುದೆಂದು ತಲೆಗೆ ಹೋಗಿ, “ತೆಗೀತೀನಿ,” ಅಂದ.

ಟೈಲರಮ್ಮ ತನ್ನ ಬಾಗಿಲಿಂದ ತಲೆ ಹೊರಗೆ ಹಾಕಿದಳು.

“ಅಕ್ಕಾವ್ರೇ, ಪಟ್ಟಿ ತಾನಾಗಿ ಕಿತ್ತುಹೋಗದೇ ಇದ್ರೆ ಹೇಳಿ. ನನ್ನ ಹತ್ರ ಒಳ್ಳೇ ಕತ್ತರಿ ಇದೆ.”