ಕುಲುಕಿದ ಸೀಸೆ

ಔಷಧಿ ಕೋಣೆಯ ಅಕ್ಕ ತೀರಿಕೊಂಡು ಇಪ್ಪತ್ತು ದಿನವಾಯಿತು. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ‘ಮೆಲ್ಲಗೆ ಅಕ್ಕ’. ಆ ಹೆಸರು ಅಂಟಿಕೊಂಡದ್ದು ಒಂದು ತಪ್ಪಿನಿಂದ.

ಹದಿನೆಂಟು ವರ್ಷ ಅವಳು ಔಷಧಿ ಕಿಟಕಿಯಲ್ಲಿ ಕೂತು ಸಿರಪ್ ಬಾಟಲಿಗಳನ್ನು ಕುಲುಕಿ ಕುಲುಕಿ ಕೊಟ್ಟವಳು. ಕೈಗೆ ಬಾಟಲಿ ಸಿಕ್ಕರೆ ಸಾಕು, ಮಣಿಕಟ್ಟು ತಾನಾಗಿ ಕುಣಿಯುತ್ತಿತ್ತು. ಆಮೇಲೆ ಕ್ಯಾನ್ಸರ್ ವಿಭಾಗಕ್ಕೆ ವರ್ಗವಾಯಿತು. ಅಲ್ಲಿ ಹೊಸ ಬಗೆಯ ಮದ್ದು: ಗಡ್ಡೆಯ ಜೀವಕೋಶವನ್ನು ಗುರುತು ಹಿಡಿಯುವ ಪ್ರತಿಕಾಯ, ಅದರ ಬೆನ್ನಿಗೆ ಕಟ್ಟಿದ ಒಂದಿಷ್ಟು ವಿಷ. ಆ ಗಂಟು ದಾರಿಯಲ್ಲಿ ಬಿಚ್ಚಬಾರದು, ಗಡ್ಡೆಯ ಒಳಹೊಕ್ಕ ಮೇಲೆಯೇ ಬಿಚ್ಚಬೇಕು. ಮದ್ದು ಪುಡಿಯಾಗಿ ಬರುತ್ತದೆ; ಅದಕ್ಕೆ ನೀರು ಬಿಟ್ಟು ಸೀಸೆಯನ್ನು ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ಪ್ರತಿಕಾಯಗಳು ಒಂದಕ್ಕೊಂದು ಅಂಟಿಕೊಂಡು ಮದ್ದು ಕೆಡಬಹುದು.

ಎರಡನೇ ವಾರವೇ ಅವಳು ಕುಲುಕಿಬಿಟ್ಟಳು. ನೊರೆ ಎದ್ದಿತು. ಸ್ವಲ್ಪ ಹೊತ್ತು ಬಿಟ್ಟರೆ ಇಳಿದುಹೋಗುತ್ತಿತ್ತು, ಯಾರೂ ನೋಡಿರಲಿಲ್ಲ. ಹೊರಗೆ ಒಬ್ಬ ದರ್ಜಿ ಹೆಂಗಸು ಕಾದು ಕೂತಿದ್ದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಉಳಿದ ಮದ್ದುಗಳೆಲ್ಲ ಸೋತ ಮೇಲೆ ಇದೊಂದನ್ನೇ ನಂಬಿದ್ದಳು.

ಅಕ್ಕ ಮೊದಲು ಡಾಕ್ಟರಿಗೆ ಹೇಳಿ ಬೈಸಿಕೊಂಡಳು. ಆಮೇಲೆ ತಾನೇ ಹೊರಬಂದಳು.

“ಅಮ್ಮಾ, ನಿಮ್ಮ ಮದ್ದು ನಾನೇ ಕೆಡಿಸ್ಬಿಟ್ಟೆ. ನಾಡಿದ್ದು ಬೇರೆ ಬರತ್ತೆ. ಎರಡು ದಿನ ತಡ ಆದ್ರೆ ಪರವಾಗಿಲ್ಲ ಅಂದ್ರು ಡಾಕ್ಟರು. ಬೈಯೋದಿದ್ರೆ ಬೈದ್ಬಿಡಿ.”

ದರ್ಜಿಯ ಮುಖ ಬಿಳಿಚಿಕೊಂಡಿತು. ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

“ನಾನೂ ಒಂದ್ಸಲ ಮದುಮಗನ ಕೋಟಿಗೆ ಎರಡೂ ಎಡಗೈ ತೋಳೇ ಕತ್ತರಿಸಿಟ್ಟಿದ್ದೆ ಕಣಮ್ಮಾ,” ಎಂದಳು ಕೊನೆಗೆ. “ಬಾಯಿ ಬಿಡ್ದೆ ಹೊಲಿದು ಕೊಟ್ಬಿಟ್ಟೆ. ಪಾಪ, ಮದುವೆ ಮುಗಿಯೋ ತನಕ ಕೈ ತಿರುಚ್ಕೊಂಡೇ ನಿಂತಿದ್ದ! ನೀನು ಹೇಳಿದ್ಯಲ್ಲ, ಅಷ್ಟು ಸಾಕು.”

ಮೂರನೇ ದಿನ ಅಕ್ಕ ಹೊಸ ಸೀಸೆ ಕೈಗೆತ್ತಿಕೊಂಡಾಗ ಔಷಧಿ ಕೋಣೆಯ ಗಾಜಿನಾಚೆಯಿಂದ ದರ್ಜಿ ಕೂಗಿದಳು: “ಮೆಲ್ಲಗೆ, ಅಕ್ಕಾ!” ಇಡೀ ವಾರ್ಡು ನಕ್ಕಿತು.

ಕೆಲವು ತಿಂಗಳ ಮದ್ದಿಗೆ ಗಡ್ಡೆ ಕರಗಿತು. ಅದಾಗಿ ಒಂಬತ್ತು ವರ್ಷ. ಅಷ್ಟು ವರ್ಷವೂ ಅಕ್ಕನ ಬಿಳಿ ಕೋಟು ಹೊಲಿದದ್ದು ಆ ದರ್ಜಿಯೇ. ಪ್ರತಿ ಸಲವೂ ತೋಳುಗಳನ್ನು ಅಕ್ಕನ ಮುಂದೆ ಹಿಡಿದು, “ಒಂದು ಎಡ, ಒಂದು ಬಲ, ನೋಡ್ಕೊ” ಎನ್ನುತ್ತಿದ್ದಳು.

ಅಕ್ಕ ತೀರಿಕೊಂಡ ದಿನ ಅವಳನ್ನು ಮನೆಯಿಂದ ಹೊರಗೆ ತರುವಾಗ ಹೊಸಿಲ ಬಳಿ ನಿಂತು, ಚಟ್ಟ ಎತ್ತಿದವರಿಗೆ ಆ ದರ್ಜಿಯೇ ಹೇಳಿದಳು: “ಮೆಲ್ಲಗೆ ಕಣ್ರಪ್ಪಾ, ಮೆಲ್ಲಗೆ.”