ಬಂಧನದ ಸುದ್ದಿ ಯಾರಿಗೆ ತಿಳಿಸಲಿ?

ಕೆ.ಆರ್. ಪುರದ ನಮ್ಮ ಮನೆಯ ಸಂಪಿನ ಮೋಟರ್ ಕಳುವಾದಾಗ, ಯಾರ ಮೇಲೆ ಅನುಮಾನ ಅಂತ ಪೊಲೀಸರು ಕೇಳಿದರು. ಟೈಲ್ಸ್ ಹಾಕೋಕೆ ಬಂದಿದ್ದ ರಾಯಚೂರು ಕಡೆಯ ಶರಣಪ್ಪನ ಹೆಸರು ಹೇಳಿಬಿಟ್ಟೆ. ಕೆಲಸದವರಲ್ಲಿ ಬೇರೆ ಯಾರ ಹೆಸರೂ ನನಗೆ ಗೊತ್ತಿರಲಿಲ್ಲ, ಅಷ್ಟೇ.

ಮರುದಿನ ಠಾಣೆಗೆ ಕರೆಸಿದರು. ನನ್ನನ್ನು ನೋಡಿದ್ದೇ ತಡ, ಮೂಲೆಯಲ್ಲಿ ಕೂತಿದ್ದ ಶರಣಪ್ಪನ ಮುಖ ಅರಳಿತು. ಗೋಡೆ ಮೇಲೆ ಹೊಸದಾಗಿ ಬರೆಸಿದ್ದ ನಿಯಮಗಳನ್ನು ನೋಡಿಕೊಂಡು ದಫೇದಾರರು ಅವನಿಗೆ ಹೇಳುತ್ತಿದ್ದರು: "ನಿನ್ನ ಅರೆಸ್ಟ್ ಮಾಡಿರೋದನ್ನ ನಿನ್ನ ಕಡೆಯೋರಿಗೆ ತಿಳಿಸ್ಬೇಕು. ಅದು ನಿನ್ನ ಹಕ್ಕು. ಯಾರಿಗೆ ತಿಳಿಸ್ಲಿ?"

"ಈ ಊರಾಗ ನನಗ ಇವ್ರೊಬ್ರೇ ಗೊತ್ರೀ," ಅಂತ ಅವನು ನನ್ನ ಕಡೆ ಕೈ ತೋರಿಸಿದ.

ದಫೇದಾರರು ನನ್ನನ್ನೂ ನನ್ನ ದೂರನ್ನೂ ಎರಡೆರಡು ಸಲ ನೋಡಿದರು. "ದೂರು ಕೊಟ್ಟೋರಿಗೆ ತಿಳಿಸ್ಬಾರ್ದು ಅಂತ ಗೋಡೆ ಮೇಲಿಲ್ಲ ಬಿಡಿ," ಅಂತ ನನ್ನ ಕಿವಿಯಲ್ಲಿ ಗೊಣಗಿ, ಆಮೇಲೆ ಗಟ್ಟಿಯಾಗಿ, "ಸಾರ್, ನಿಮ್ಮ ಶರಣಪ್ಪನ್ನ ಬಂಧಿಸಿದೀವಿ," ಅಂದರು. ಥ್ಯಾಂಕ್ಸ್ ಅಂದು, ಸುದ್ದಿ ಮುಟ್ಟಿದೆ ಅಂತ ಸಹಿ ಹಾಕಿದೆ.

"ಯಾರೋ ನನ್ನ ಹೆಸರು ಹೇಳ್ಯಾರಂತ್ರೀ. ನೀವೇ ಬಿಡಿಸ್ಬೇಕು," ಅಂದ ಶರಣಪ್ಪ.

ಅವತ್ತೇ ಶಿವಾಜಿನಗರಕ್ಕೆ ಹೋಗಿ ಅವನಿಗೊಬ್ಬರು ವಕೀಲರನ್ನು ಹಿಡಿದೆ. ದೂರು ಕೊಟ್ಟ ಮನುಷ್ಯ ಎಂಥವನು ಅಂತ ಅವರು ಕೇಳಿದರು.

ನನಗೂ ಸರಿಯಾಗಿ ಗೊತ್ತಿಲ್ಲ ಅಂದೆ.