ಒಂದೇ ಏಟು, ಎರಡು ಸದ್ದು

ಇಪ್ಪತ್ತೆಂಟು ವರ್ಷದಿಂದ ಪಾಂಡವಪುರದ ಬೀದಿಗಳಿಗೆ ನೀರು ಬಿಡುತ್ತಿದ್ದ ಖಲಂದರ್ ಸಾಬರಿಗೆ ಸಾಕೋಸಾಕಾಗಿತ್ತು. ಪೈಪು ಎಲ್ಲೋ ಸೋರಿ ಮೂರು ದಿನದಿಂದ ಕೊನೇ ಮನೆಗಳಿಗೆ ನೀರು ಏರಿರಲಿಲ್ಲ. ತೋಡಿಸಿದ ಎರಡು ಗುಂಡಿಗಳಲ್ಲೂ ಬರೀ ಒಣಮಣ್ಣು. "ಮೂರನೇದೂ ಖಾಲಿ ಹೋದ್ರೆ ನಾಳೆಯಿಂದ ಬರ್ಬೇಡಿ, ಮೆಷಿನ್ನಿನವ್ರನ್ನ ಕರೆಸ್ತೀನಿ" ಅಂದಿದ್ದ ಪುರಸಭೆಯ ಹೊಸ ಇಂಜಿನಿಯರು. ದಿನಗೂಲಿಯವನನ್ನು ಕಳಿಸೋಕೆ ಅಷ್ಟು ಮಾತು ಸಾಕು.

ಸಾಬರ ಮೆಷಿನ್ನು ಅಂದರೆ ಒಂದು ಕಬ್ಬಿಣದ ಸರಳು. ಒಂದು ತುದಿ ಪೈಪಿಗೆ, ಇನ್ನೊಂದು ಕಿವಿಗೆ. ಸೋರುವ ನೀರಿನ ಸುಂಯ್ ಸದ್ದು ಕಬ್ಬಿಣದೊಳಗೆ ಓಡಿ ಬರುತ್ತದೆ. ಅದನ್ನು ನಂಬಿಯೇ ಎರಡು ಸಲ ಕೆಟ್ಟಿದ್ದರು.

ಕೊನೆಗೆ ಜೊತೆಯ ಕೆಲಸಗಾರ ಮರಿಸ್ವಾಮಿಯನ್ನು ಬೀದಿಯ ಆ ತುದಿಗೆ ಅಟ್ಟಿದರು.

"ವಾಲ್ವಿಗೆ ಒಂದು ಏಟು ಹೊಡಿ ಕಣ್ಲಾ!"

ಒಂದೇ ಏಟು ಎರಡು ಸಲ ಕೇಳಬೇಕು. ಸರಳಿಗಿಟ್ಟ ಕಿವಿಗೆ ಕಬ್ಬಿಣದ ಸದ್ದು ಮೊದಲು, ಇನ್ನೊಂದು ಕಿವಿಗೆ ಗಾಳಿಯ ಸದ್ದು ಆಮೇಲೆ. ಕಬ್ಬಿಣದಲ್ಲಿ ಸದ್ದು ಗಾಳಿಗಿಂತ ಹತ್ತು-ಹದಿನೈದು ಪಟ್ಟು ಬೇಗ ಓಡುತ್ತದೆಂದು ಅವರಿಗೆ ಯಾವ ಮೇಷ್ಟ್ರೂ ಹೇಳಿರಲಿಲ್ಲ, ಕಿವಿಯೇ ಕಲಿತಿತ್ತು. ಇವತ್ತು ಕಬ್ಬಿಣದ ಸದ್ದು ತಡವಾಗಿ, ಮೆತ್ತಗೆ ಬಂತು. ನಡುವೆ ಎಲ್ಲೋ ಪ್ಲಾಸ್ಟಿಕ್ ಪೈಪಿದೆ! ಅದರಲ್ಲಿ ಸದ್ದು ತೆವಳುತ್ತದೆ, ಅರ್ಧ ದಾರಿಯಲ್ಲೇ ಸೊರಗುತ್ತದೆ.

ಯಾವ ಕತ್ತೆ ಹಾಕಿದ್ದು ಅಂದುಕೊಂಡ ಕೂಡಲೇ ಸಾಬರಿಗೆ ನೆನಪಾಯಿತು. ಎಂಟು ವರ್ಷದ ಹಿಂದೆ, ಮಗಳು ನೂರ್ ಫಾತಿಮಾಳ ನಿಕಾಹ್‌ನ ಹಿಂದಿನ ದಿನ, ಕಬ್ಬಿಣದ ಪೈಪು ಸಿಕ್ಕದೆ ಏಳೆಂಟು ಪ್ಲಾಸ್ಟಿಕ್ ಪೈಪು ಜೋಡಿಸಿ ಮಣ್ಣು ಮುಚ್ಚಿದ್ದು ಅವರೇ. ಆ ಗುಂಡಿಯ ಎದುರುಮನೆ ಪುಟ್ಟತಾಯಮ್ಮ ಕೊಟ್ಟ ಕಾಫಿಯನ್ನು ನಿಂತಲ್ಲೇ ಗುಟುಕರಿಸಿ ಓಡಿದ್ದರು. ಮದುವೆ ಮುಗಿಸಿ ಬದಲಾಯಿಸಿದರಾಯ್ತು ಅಂದುಕೊಂಡವರು ಮರೆತೇಬಿಟ್ಟಿದ್ದರು.

ಪುಟ್ಟತಾಯಮ್ಮನ ಮನೆ ಮುಂದೆ ಅಗೆಸಿದರು. ಪ್ಲಾಸ್ಟಿಕ್ಕಿನ ಜೋಡಣೆಯಿಂದಲೇ ನೀರು ಚಿಮ್ಮುತ್ತಿತ್ತು.

"ಇದನ್ಯಾರು ಹಾಕಿದ್ದು?" ಇಂಜಿನಿಯರು ಗದರಿದ.

"ಯಾವನೋ ಕಂಟ್ರಾಕ್ಟರು ಹಾಕವ್ನೆ ಬುಡಿ ಸಾ," ಬಾಗಿಲಲ್ಲಿ ನಿಂತಿದ್ದ ಪುಟ್ಟತಾಯಮ್ಮ ಅಂದರು.

ಸಾಬರು ಹೂಂ ಅಂದಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಸುಳ್ಳು ಹೇಳೋದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ.

"ನಾನೇ ಸಾ. ಎಲ್ಲಾ ಕಿತ್ತು ಕಬ್ಬಿಣದ್ದು ಹಾಕ್ಸಿ. ಇಲ್ದಿದ್ರೆ ನನ್ನ ಬದ್ಲು ಬರೋನೂ ಇಂಗೇ ಗುಂಡಿ ತೋಡ್ತಾ ಇರ್ತಾನೆ."

"ಸರಳು ಮರಿಸ್ವಾಮಿಗೆ ಕೊಟ್ಟೋಗಿ," ಅಂದ ಇಂಜಿನಿಯರು.

ಕೊಟ್ಟರು. "ಎರಡು ಸದ್ದಿಗೂ ಕಿವಿಗೊಡು ಕಣ್ಲಾ" ಅಂದರು. ಆಮೇಲೆ ಜಗಲಿಯ ಮೇಲೆ ಕುಸಿದು ಕೂತರು. ಪುಟ್ಟತಾಯಮ್ಮ ಕಾಫಿ ತಂದುಕೊಟ್ಟರು. ಈ ಸಲ ಸಾಬರು ಅದನ್ನು ಕೂತೇ ಕುಡಿದರು.